ರಸ್ತೆಗೆ ಹೆಸರಾದ ಪೈಲಟ್: ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್

ಬಂಗಾರಪೇಟೆಯಿಂದ ಕವಲೊಡೆದು ಚಿನ್ನದ ಗಣಿಗಳ ನಡುವೆ ಸಾಗುವ ರೈಲು ಹಳಿ ಮಾರಿಕುಪ್ಪಂನಲ್ಲಿ ಮುಗಿದುಹೋಗುತ್ತದೆ. 1894ರಲ್ಲಿ ಗಣಿಗಳಿಗಾಗಿಯೇ ಹಾಕಿದ ಹಳಿ ಅದು. 2001ರ ಫೆಬ್ರುವರಿ 28ರಂದು ಗಣಿಗಳು ಬಾಗಿಲು ಮುಚ್ಚಿದ ಮೇಲೆ ಅದೇ ಹಳಿ ಊರಿನ ಜೀವನಾಡಿಯಾಯಿತು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿಗೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಸಾವಿರಾರು ಮಂದಿ. ಬೈಯಪ್ಪನಹಳ್ಳಿಯಲ್ಲಿ ಇಳಿದು ಹಳೆಯ ಮದ್ರಾಸ್ ರಸ್ತೆಗೆ ಬಂದು, ಹಳೆಯ ವಿಮಾನ ನಿಲ್ದಾಣದ ಕಡೆಗೆ ಹೋಗುವವರ ದಾರಿಯಲ್ಲಿ ಒಂದು ರಸ್ತೆ ಸಿಗುತ್ತದೆ: ಸುರಂಜನ್ ದಾಸ್ ರಸ್ತೆ. ಬಸ್ಸಿನ ಕಂಡಕ್ಟರ್ ದಿನಕ್ಕೆ ಎಷ್ಟೋ ಸಲ ಕೂಗುವ ಹೆಸರು. ಆದರೆ ಈ ದಾಸ್ ಯಾರೆಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಬಂಗಾಳದ ಯಾವನೋ ದೇಶಭಕ್ತನಿರಬೇಕು ಎಂದು ಊಹಿಸುವವರುಂಟು. ಹರಿದಾಸರ ಪರಂಪರೆಗೆ ಸೇರಿಸಿಬಿಡುವವರೂ ಇದ್ದರೆ ಆಶ್ಚರ್ಯವಿಲ್ಲ.

ಸುರಂಜನ್ ದಾಸ್ ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್. ಭೂಸೇನೆಯ ಕರ್ನಲ್ ಹುದ್ದೆಗೆ ಸಮನಾದ ದರ್ಜೆ ಇದು. ಭಾರತದಲ್ಲಿ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನವನ್ನು ಮೊಟ್ಟಮೊದಲಿಗೆ ಆಕಾಶಕ್ಕೆ ಏರಿಸಿದವರು ಅವರು. ಒಂಬತ್ತು ವರ್ಷಗಳ ನಂತರ ಅದೇ ವಿಮಾನದ ಸುಧಾರಿತ ಮಾದರಿಯೊಂದರಲ್ಲಿ, ಅದೇ ಬೆಂಗಳೂರಿನಲ್ಲಿ ಪ್ರಾಣ ಕಳೆದುಕೊಂಡರು. ಈ ಒಂಬತ್ತು ವರ್ಷಗಳ ಕಥೆ ಒಬ್ಬ ವ್ಯಕ್ತಿಯ ಸಾಹಸದ ಕಥೆ ಮಾತ್ರವಲ್ಲ. ಮೈ ಸಿದ್ಧವಾಗಿ, ಅದಕ್ಕೆ ತಕ್ಕ ಹೃದಯ ಸಿಗದೇ ಹೋದ ಒಂದು ವಿಮಾನದ ಕಥೆಯೂ ಹೌದು.

ದಾಸ್ ಕನ್ನಡಿಗರಲ್ಲ. 1920ರಲ್ಲಿ ಬಂಗಾಳದ ಪ್ರತಿಷ್ಠಿತ ಕುಟುಂಬವೊಂದರಲ್ಲಿ ಹುಟ್ಟಿದವರು. ತಂದೆ ಸುಧಿ ರಂಜನ್ ದಾಸ್ ಹೆಸರಾಂತ ನ್ಯಾಯವಾದಿ. 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಅಂಥ ಮನೆಯ ಹುಡುಗನಿಗೆ ಕರಿಕೋಟಿನ ದಾರಿ ಸಲೀಸಾಗಿ ತೆರೆದಿತ್ತು. ಆದರೆ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅವರು ವಾಯುಪಡೆಯ ದಾರಿ ಹಿಡಿದರು. ಮುಂದೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲಿನಲ್ಲಿ ತರಬೇತಿ ಪಡೆದರು. ಆ ಶಾಲೆಯಿಂದ ಹೊರಬಂದ ಮೊದಲ ಭಾರತೀಯರಲ್ಲಿ ಅವರೊಬ್ಬರು.

ಪರೀಕ್ಷಾ ಪೈಲಟ್ ಎಂದರೆ ಧೈರ್ಯವಂತ ಪೈಲಟ್ ಎಂದಷ್ಟೇ ತಿಳಿಯುವವರು ಹೆಚ್ಚು. ಧೈರ್ಯ ಬೇಕು ನಿಜ, ಆದರೆ ಆ ಕೆಲಸದ ತಿರುಳು ಬೇರೆ. ಮಾಮೂಲಿ ಪೈಲಟ್ ಹತ್ತುವ ವಿಮಾನದ ಗುಣಾವಗುಣಗಳನ್ನು ಮೊದಲೇ ಯಾರೋ ಬರೆದಿಟ್ಟಿರುತ್ತಾರೆ. ಎಷ್ಟು ವೇಗದಲ್ಲಿ ನೆಲ ಬಿಡಬೇಕು, ಎಷ್ಟು ನಿಧಾನವಾದರೆ ಹಿಡಿತ ತಪ್ಪುತ್ತದೆ, ಯಾವ ತಿರುವು ಅಪಾಯ, ಎಲ್ಲವೂ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಬರೆಯುವವನೇ ಪರೀಕ್ಷಾ ಪೈಲಟ್. ಮೊದಲ ದಿನ ಇಷ್ಟೇ ಎತ್ತರ, ಇಷ್ಟೇ ವೇಗ. ಮಾರನೆಯ ಹಾರಾಟದಲ್ಲಿ ಒಂದು ಹೆಜ್ಜೆ ಹೆಚ್ಚು. ವಿಮಾನ ನಡುಗಿತೇ, ಮೂಗು ಎತ್ತಿತೇ, ಕೈಗೆ ಭಾರವಾಯಿತೇ ಎಂಬುದನ್ನು ತೊಡೆಯ ಮೇಲೆ ಕಟ್ಟಿಕೊಂಡ ಪುಟ್ಟ ಪ್ಯಾಡಿನಲ್ಲಿ ಗೀಚಿಕೊಳ್ಳುತ್ತಾ, ಇಳಿದು ಬಂದ ಮೇಲೆ ಎಂಜಿನಿಯರುಗಳಿಗೆ ಅವರದೇ ಭಾಷೆಯಲ್ಲಿ ವಿವರಿಸಬೇಕು. ಇಂದು ವಿಮಾನದ ಮಿಡಿತವೆಲ್ಲ ಹಾರುತ್ತಿರುವಾಗಲೇ ನೆಲದ ಕಂಪ್ಯೂಟರುಗಳಿಗೆ ತಲುಪುತ್ತದೆ. ದಾಸ್ ಅವರ ಕಾಲದಲ್ಲಿ ಪೈಲಟ್ಟಿನ ಮೈ ಮನಸ್ಸುಗಳೇ ಬಹುಮಟ್ಟಿಗೆ ಉಪಕರಣ. ಕೆಜಿಎಫ್‌ನ ಹಳಬರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಲ್ಲಿನ ಸದ್ದು ಕೇಳಿಯೇ ಸುರಂಗದ ಸ್ಥಿತಿ ಅಂದಾಜು ಮಾಡಬೇಕಿದ್ದವರು ಅವರು.

ದಾಸ್ ಬಂದು ಸೇರಿದ ಬೆಂಗಳೂರಿನ ಕಾರ್ಖಾನೆಗೆ ಆಗಲೇ ಒಂದು ಇತಿಹಾಸವಿತ್ತು. ಕೈಗಾರಿಕೋದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಯುದ್ಧದ ಒತ್ತಡದಲ್ಲಿ 1942ರಲ್ಲಿ ಅದು ಸರ್ಕಾರದ ಕೈಗೆ ಬಂತು. ಸ್ವಾತಂತ್ರ್ಯಾನಂತರ ಡಾ. ವಿ.ಎಂ. ಘಾಟ್ಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. ಇದೇ ಕಾರ್ಖಾನೆ ಒಂದು ಕಾಲಕ್ಕೆ ರೈಲು ಬೋಗಿಗಳನ್ನೂ ತಯಾರಿಸುತ್ತಿತ್ತು ಎಂಬುದು ಹಲವರಿಗೆ ತಿಳಿಯದು. 1964ರಲ್ಲಿ ಆ ವಿಭಾಗ ಬೇರೆಯಾಗಿ ಬಿಇಎಂಎಲ್ ಹುಟ್ಟಿತು. ಗಣಿಯ ಆದಾಯ ಬತ್ತುತ್ತಿದ್ದ ಕಾಲದಲ್ಲಿ ಕೆಜಿಎಫ್‌ನ ಎಷ್ಟೋ ಮನೆಗಳ ಒಲೆ ಉರಿಸಿದ್ದು ಅದೇ ಬಿಇಎಂಎಲ್.

ತರಬೇತಿ ವಿಮಾನ ಬೇರೆ, ಯುದ್ಧವಿಮಾನ ಬೇರೆ. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ, ಅರವತ್ತು ಸಾವಿರ ಅಡಿ ಎತ್ತರಕ್ಕೆ ಏರಬಲ್ಲ, ನೆಲದ ಗುರಿಗಳ ಮೇಲೂ ದಾಳಿ ಮಾಡಬಲ್ಲ ವಿಮಾನ ತನಗೆ ಬೇಕು ಎಂದು ವಾಯುಪಡೆ ಕೇಳಿದಾಗ, ಅಂಥದೊಂದನ್ನು ವಿನ್ಯಾಸ ಮಾಡಿದ ಅನುಭವ ದೇಶದಲ್ಲಿ ಯಾರಿಗೂ ಇರಲಿಲ್ಲ. ಹೀಗಾಗಿ 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಮಹಾಯುದ್ಧದಲ್ಲಿ ಬ್ರಿಟಿಷರ ನಿದ್ದೆಗೆಡಿಸಿದ್ದ ಫೋಕೆ-ವುಲ್ಫ್ 190 ವಿಮಾನದ ವಿನ್ಯಾಸಕಾರ ಈತ. ಜರ್ಮನಿ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನ ರೂಪಿಸಿದ್ದರು. ಟ್ಯಾಂಕ್ ಸ್ವತಃ ಪೈಲಟ್ ಕೂಡ. ತಮ್ಮೊಂದಿಗೆ ಸಣ್ಣದೊಂದು ಜರ್ಮನ್ ತಂಡವನ್ನು ಕರೆತಂದ ಅವರಿಗೆ ಎಚ್‌ಎಎಲ್‌ನ ಯುವ ಎಂಜಿನಿಯರುಗಳು ಜೊತೆಯಾದರು. ವಿಮಾನಕ್ಕೆ ಎಚ್‌ಎಫ್-24 ಎಂಬ ಸಂಖ್ಯೆ, ಮಾರುತ್ ಎಂಬ ಹೆಸರು ಬಂತು. ವಾಯುಪುತ್ರನ ಊರುಕೇರಿಗೊಂದು ಗುಡಿಯಿರುವ ನಾಡಿನಲ್ಲಿ ಈ ಹೆಸರಿಗೆ ಅರ್ಥ ಹೇಳಬೇಕಾಗಿರಲಿಲ್ಲ.

ಕೊರತೆಗಳು ಒಂದೆರಡಲ್ಲ. ಅತಿ ವೇಗದ ವಿಮಾನದ ಮಾದರಿಯನ್ನು ಪರೀಕ್ಷಿಸಲು ಬೇಕಾದ ಗಾಳಿಸುರಂಗ ದೇಶದಲ್ಲಿರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಸ್ಥಾಪನೆಯಾದದ್ದೇ 1959ರಲ್ಲಿ. ಅದರ ದೊಡ್ಡ ಗಾಳಿಸುರಂಗ ಕೆಲಸಕ್ಕೆ ಬಂದದ್ದು 1967ರಲ್ಲಿ. ಹಾಗಾದರೆ ವಿಮಾನ ಗಾಳಿಯಲ್ಲಿ ಹೇಗೆ ವರ್ತಿಸುತ್ತದೆಂದು ತಿಳಿಯುವುದು ಹೇಗೆ? ಟ್ಯಾಂಕ್ ತಂಡ ಒಂದು ಉಪಾಯ ಹೂಡಿತು. ಮಾರುತ್‌ನ ಪೂರ್ಣ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಒಂದನ್ನು ಕಟ್ಟಿತು. ಡಕೋಟಾ ವಿಮಾನ ಅದನ್ನು ಹಗ್ಗದಿಂದ ಎಳೆದು ಮೇಲಕ್ಕೊಯ್ದು ಬಿಡುವುದು, ಪರೀಕ್ಷಾ ಪೈಲಟ್‌ಗಳು ತೇಲಿಸಿಕೊಂಡು ಇಳಿಸುವುದು. 1959ರಲ್ಲಿ ಆರಂಭವಾದ ಈ ಪ್ರಯೋಗದಲ್ಲಿ 78 ಹಾರಾಟಗಳು ನಡೆದವು. ಜಗತ್ತಿನ ಮುಂದುವರಿದ ದೇಶಗಳು ಕೋಟಿಗಟ್ಟಲೆ ಸುರಿದು ಮಾಡುತ್ತಿದ್ದ ಕೆಲಸವನ್ನು ಬೆಂಗಳೂರಿನಲ್ಲಿ ಮರ, ಹಗ್ಗ ಮತ್ತು ಪೈಲಟ್‌ಗಳ ಎದೆಗಾರಿಕೆಯಿಂದ ಮಾಡಲಾಯಿತು.

1961ರ ಜೂನ್ 17ರಂದು ಮಾರುತ್‌ನ ಮೊದಲ ಮೂಲಮಾದರಿ ಎಚ್‌ಎಎಲ್ ರನ್‌ವೇಯಿಂದ ಮೇಲೇರಿತು. ಒಳಗಿದ್ದವರು ಆಗ ವಿಂಗ್ ಕಮಾಂಡರ್ ಆಗಿದ್ದ ಸುರಂಜನ್ ದಾಸ್. ವಾರದ ನಂತರ, ಜೂನ್ 24ರಂದು, ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಸಮ್ಮುಖದಲ್ಲಿ ಅಧಿಕೃತ ಪ್ರದರ್ಶನ ಹಾರಾಟ ನಡೆಯಿತು. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷ ತುಂಬಿರಲಿಲ್ಲ. ಸೋವಿಯತ್ ಒಕ್ಕೂಟವನ್ನು ಬಿಟ್ಟರೆ ಏಷ್ಯಾದ ಯಾವ ದೇಶವೂ ಇಂಥದೊಂದು ಜೆಟ್ ಯುದ್ಧವಿಮಾನವನ್ನು ತಾನೇ ರೂಪಿಸಿ ಬಳಕೆಯವರೆಗೂ ತಂದಿರಲಿಲ್ಲ ಎಂಬುದನ್ನು ನೆನೆದರೆ ಆ ಜೂನ್ ತಿಂಗಳ ಮಹತ್ವ ಅರ್ಥವಾದೀತು.

ಆದರೆ ಆ ದಿನ ಹಾರಿದ್ದು ಟ್ಯಾಂಕ್ ಕನಸಿನ ವಿಮಾನವಲ್ಲ. ಮಾರುತ್‌ನ ಮೈ ರೂಪಿಸಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ಅಭಿವೃದ್ಧಿಪಡಿಸುತ್ತಿದ್ದ ಆರ್ಫಿಯಸ್-12 ಎಂಬ ಎಂಜಿನ್ನಿಗಾಗಿ. ನ್ಯಾಟೋ ದೇಶಗಳ ಹಗುರ ಯುದ್ಧವಿಮಾನ ಯೋಜನೆಯನ್ನು ನಂಬಿಕೊಂಡಿದ್ದ ಆ ಎಂಜಿನ್‌ಗೆ ಅಲ್ಲಿ ಗಿರಾಕಿ ಇಲ್ಲದಂತಾಯಿತು. ಬೇಕಿದ್ದರೆ ಅಭಿವೃದ್ಧಿಯ ವೆಚ್ಚವನ್ನು ಭಾರತ ಭರಿಸಲಿ ಎಂಬ ಮಾತು ಬಂತು. ಭಾರತ ಸರ್ಕಾರ ಒಪ್ಪಲಿಲ್ಲ. ವಿದೇಶಿ ವಿನಿಮಯದ ಬಿಕ್ಕಟ್ಟಿನ ಕಾಲ ಅದು, ಸರ್ಕಾರಕ್ಕೂ ತನ್ನ ಕಾರಣಗಳಿದ್ದವು. ಆದರೂ ಆನೆಯನ್ನೇ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತಾಯಿತು ಎನ್ನದೆ ವಿಧಿಯಿಲ್ಲ. ಕೊನೆಗೆ ಮಾರುತ್‌ಗೆ ಜೋಡಿಸಿದ್ದು ಅದೇ ಕುಟುಂಬದ ಕಿರಿಯ ಎಂಜಿನ್, ಆರ್ಫಿಯಸ್-703. ಒಂದೊಂದರ ನೂಕುಬಲ 4,850 ಪೌಂಡ್. ಕೈಬಿಟ್ಟುಹೋದ ಎಂಜಿನ್ ಎಂಟು ಸಾವಿರ ಪೌಂಡ್ ಮೀರುತ್ತಿತ್ತು. ಶಬ್ದದ ಎರಡರಷ್ಟು ವೇಗಕ್ಕೆಂದು ಮೈ ತಳೆದ ವಿಮಾನ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟಲಾರದೆ ಹೋಯಿತು.

ಮುಂದಿನ ಒಂದು ದಶಕ ಎಂಜಿನ್ನಿನ ಹುಡುಕಾಟದಲ್ಲೇ ಕಳೆಯಿತು. ಸೋವಿಯತ್ ಎಂಜಿನ್‌ಗಳನ್ನು ಪರಿಶೀಲಿಸಲಾಯಿತು. ಈಜಿಪ್ಟಿನ ಜೊತೆ ನಡೆದ ಒಪ್ಪಂದವಂತೂ ಕಾದಂಬರಿಯಂತಿದೆ. ನಾಸರ್ ಕಾಲದ ಈಜಿಪ್ಟ್ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಎಂಬ ತಜ್ಞನಿಂದ ಇ-300 ಎಂಬ ಎಂಜಿನ್ ತಯಾರಿಸುತ್ತಿತ್ತು. ಅವರಲ್ಲಿ ಎಂಜಿನ್ ಉಂಟು, ಪರೀಕ್ಷಿಸಲು ತಕ್ಕ ವಿಮಾನವಿಲ್ಲ. ನಮ್ಮಲ್ಲಿ ವಿಮಾನ ಉಂಟು, ಎಂಜಿನ್ ಇಲ್ಲ. ಬೆಂಗಳೂರಿನ ಮಾರುತ್ ಒಂದು ಕೈರೋ ಬಳಿಯ ಹೆಲ್ವಾನ್‌ಗೆ ಹೋಯಿತು. ಭಾರತೀಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ 1967ರಲ್ಲಿ ಅಲ್ಲಿ ಅದನ್ನು ಹಾರಿಸಿದರು. ಆದರೆ ಅದೇ ವರ್ಷ ಇಸ್ರೇಲಿನೊಂದಿಗಿನ ಯುದ್ಧದಲ್ಲಿ ಈಜಿಪ್ಟ್ ತತ್ತರಿಸಿತು. 1969ರ ಹೊತ್ತಿಗೆ ಆ ಪ್ರಯತ್ನವೂ ಮುಗಿದುಹೋಯಿತು.

ಇಷ್ಟೆಲ್ಲ ಓಲಾಟದ ನಡುವೆ ದಾಸ್ ಎಚ್‌ಎಎಲ್‌ನ ಮುಖ್ಯ ಪರೀಕ್ಷಾ ಪೈಲಟ್ ಆಗಿ ಕೆಲಸ ಮುಂದುವರಿಸಿದರು. 1964ರ ಸೆಪ್ಟೆಂಬರ್ 4ರಂದು ಅವರು ಇನ್ನೊಂದು ವಿಮಾನದ ಮೊದಲ ಹಾರಾಟ ನಡೆಸಿದರು. ಅದು ಘಾಟ್ಗೆ ತಂಡ ರೂಪಿಸಿದ ಜೆಟ್ ತರಬೇತಿ ವಿಮಾನ, ಕಿರಣ್. ಮಾರುತ್‌ನ ಸದ್ದುಗದ್ದಲದ ಮುಂದೆ ಕಿರಣ್ ಸುದ್ದಿ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಆದರೆ ಹೆಚ್ಚು ಬಾಳಿಕೆ ಬಂದದ್ದು ಅದೇ. ವಾಯುಪಡೆಯ ಎಷ್ಟೋ ತಲೆಮಾರಿನ ಪೈಲಟ್‌ಗಳು ಜೆಟ್ ಹಾರಾಟ ಕಲಿತದ್ದು ಕಿರಣ್‌ನಲ್ಲಿ. 1996ರಲ್ಲಿ ಬೀದರ್‌ನಲ್ಲಿ ಹುಟ್ಟಿದ ಸೂರ್ಯಕಿರಣ್ ತಂಡ ಆಕಾಶದಲ್ಲಿ ಲಾಗ ಹಾಕಿ ಜನರನ್ನು ಬೆರಗುಗೊಳಿಸಿದ್ದೂ, 2011ರವರೆಗೆ, ಇದೇ ವಿಮಾನದ ಮುಂದಿನ ಮಾದರಿಯಲ್ಲಿ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಆ ತಂಡಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ಮೊದಲ ಕಿರಣ್ ಹಾರಿಸಿದವರ ಹೆಸರು ಬಲ್ಲವರು ಎಷ್ಟು ಮಂದಿಯೋ.

ವಾಯುಪಡೆಯಲ್ಲಿ ದರ್ಜೆ ಏರಿದಂತೆ ಕಾಕ್‌ಪಿಟ್‌ನಿಂದ ದೂರವಾಗುವುದು ಸಾಮಾನ್ಯ. ಗ್ರೂಪ್ ಕ್ಯಾಪ್ಟನ್ ಎಂದರೆ ಒಂದು ವಾಯುನೆಲೆಯ ಆಡಳಿತ ನೋಡಿಕೊಳ್ಳುವ ಹಿರಿತನ. ಕಡತ, ಸಭೆ, ತಪಾಸಣೆ. ಅಂಥ ದರ್ಜೆಯಲ್ಲಿದ್ದು, ಐವತ್ತರ ಅಂಚಿನಲ್ಲಿ, ದಾಸ್ ಇನ್ನೂ ಯಾರೂ ಹಾರಿಸದ ವಿಮಾನಗಳನ್ನು ಹಾರಿಸುತ್ತಿದ್ದರು. ಇದನ್ನು ಕೇವಲ ಹುಮ್ಮಸ್ಸು ಎನ್ನಲಾಗದು. ಪರೀಕ್ಷಾ ಹಾರಾಟದಲ್ಲಿ ಪಳಗಿದವರು ದೇಶದಲ್ಲಿ ಬೆರಳೆಣಿಕೆಯಷ್ಟಿದ್ದರು. ವಾಯುಪಡೆ ತನ್ನದೇ ಪರೀಕ್ಷಾ ಪೈಲಟ್ ಶಾಲೆಯನ್ನು ಬೆಂಗಳೂರಿನಲ್ಲಿ ತೆರೆದದ್ದು 1970ರ ದಶಕದಲ್ಲಿ, ದಾಸ್ ತೀರಿಕೊಂಡ ಬಳಿಕ.

ಹೊರಗಿನಿಂದ ಎಂಜಿನ್ ಸಿಗದಿದ್ದಾಗ ಉಳಿದದ್ದು ಒಂದೇ ದಾರಿ: ಇರುವ ಆರ್ಫಿಯಸ್-703ರಿಂದಲೇ ಹೆಚ್ಚು ಬಲ ಹಿಂಡುವುದು. ಜೆಟ್ ಎಂಜಿನ್ನಿನ ಹಿಂಬದಿಯ ಕೊಳವೆಯಲ್ಲಿ ಹೊರಬೀಳುವ ಬಿಸಿಗಾಳಿಗೆ ಮತ್ತಷ್ಟು ಇಂಧನ ಚಿಮ್ಮಿಸಿ ಉರಿಸಿದರೆ ನೂಕುಬಲ ಏರುತ್ತದೆ. ಇದಕ್ಕೆ ರೀಹೀಟ್ ಎನ್ನುತ್ತಾರೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಈ ವ್ಯವಸ್ಥೆಯನ್ನು ರೂಪಿಸಿತು. ಅದನ್ನು ಅಳವಡಿಸಿದ ಮಾರುತ್ ಮಾದರಿಗೆ 1-ಆರ್ ಎಂದು ಹೆಸರು. ಹೇಳಲು ಸುಲಭ, ಮಾಡಲು ಕಷ್ಟ. ರೀಹೀಟ್ ಕೂರಿಸಲು ವಿಮಾನದ ಹಿಂಭಾಗ ದಪ್ಪವಾಗಬೇಕು. ಹಿಂಭಾಗ ದಪ್ಪವಾದರೆ ಗಾಳಿಯ ಎಳೆತ ಹೆಚ್ಚುತ್ತದೆ. ಹೆಚ್ಚಿದ ಎಳೆತ ಗಳಿಸಿದ ಬಲದ ಒಂದು ಪಾಲನ್ನು ನುಂಗುತ್ತದೆ. ಇದರಲ್ಲಿ ಎಷ್ಟು ಲಾಭ, ಎಷ್ಟು ನಷ್ಟ ಎಂಬುದನ್ನು ಕಾಗದದ ಮೇಲೆ ಪೂರ್ತಿ ಲೆಕ್ಕ ಹಾಕಲಾಗದು. ಯಾರಾದರೂ ಹಾರಿಸಿ ನೋಡಲೇಬೇಕು.

1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ದಾಸ್ 1-ಆರ್ ಮಾದರಿಯನ್ನು ಏರಿ ಎಚ್‌ಎಎಲ್ ರನ್‌ವೇಯಿಂದ ಹೊರಟರು. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ವಿಮಾನ ಅಪಘಾತಕ್ಕೀಡಾಯಿತು. ದಾಸ್ ಬದುಕುಳಿಯಲಿಲ್ಲ. ಅವರಿಗಾಗ 49 ವರ್ಷ. ಹಾರಾಟದಲ್ಲಿ ಅತ್ಯಂತ ನಾಜೂಕಿನ ಗಳಿಗೆ ಈ ಮೇಲೇರುವ ಗಳಿಗೆಯೇ. ಟ್ಯಾಂಕಿನ ತುಂಬ ಇಂಧನ, ವೇಗ ಕಡಿಮೆ, ಎತ್ತರ ಇಲ್ಲವೇ ಇಲ್ಲ. ಮೂವತ್ತು ಸಾವಿರ ಅಡಿಯಲ್ಲಿ ಏನಾದರೂ ಕೆಟ್ಟರೆ ಯೋಚಿಸಲು ನಿಮಿಷಗಳಿರುತ್ತವೆ. ಇಲ್ಲಿ ಕ್ಷಣಗಳೂ ಇರುವುದಿಲ್ಲ.

ರೀಹೀಟ್ ಯೋಜನೆ ಮುಂದೆ ಬಳಕೆಯ ಹಂತ ತಲುಪಲೇ ಇಲ್ಲ. ಆದರೆ ದಾಸ್ ತೀರಿಕೊಂಡು ಎರಡು ವರ್ಷ ತುಂಬುವ ಮೊದಲೇ, 1971ರ ಡಿಸೆಂಬರ್‌ನಲ್ಲಿ, ಅವರು ಪಳಗಿಸಿಕೊಟ್ಟ ಸಾಮಾನ್ಯ ಮಾರುತ್ ರಾಜಸ್ಥಾನದ ಗಡಿಯಲ್ಲಿ ಯುದ್ಧಕ್ಕಿಳಿಯಿತು. ಪಾಕಿಸ್ತಾನದ ಟ್ಯಾಂಕ್‌ಗಳು, ರೈಲು, ಪಡೆಗಳ ಮೇಲೆ ದಾಳಿ ನಡೆಸಿತು. ಬಲ ಕಡಿಮೆಯಾದರೂ ಮೈಕಟ್ಟು ಗಟ್ಟಿ. ನೆಲದಿಂದ ಹಾರಿದ ಗುಂಡು ತಾಗಿ ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದಲೇ ಪೈಲಟ್‌ಗಳು ನೆಲೆಗೆ ಮರಳಿದ ಪ್ರಸಂಗಗಳು ಕನಿಷ್ಠ ಮೂರು. ವೈರಿಯ ವಿಮಾನಗಳೊಂದಿಗಿನ ಸೆಣಸಾಟದಲ್ಲಿ ಒಂದು ಮಾರುತ್ ಕೂಡ ಬೀಳಲಿಲ್ಲ. ಪುಸ್ತಕದಲ್ಲಿ ಬರೆದ ವೇಗ ಬಾರದಿದ್ದರೂ ವಿಮಾನ ಪೈಲಟ್ಟಿನ ಕೈಗೆ ಎಷ್ಟು ಒಗ್ಗಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಪರೀಕ್ಷಾ ಪೈಲಟ್‌ಗಳ ದುಡಿಮೆ ಫಲ ಕೊಟ್ಟದ್ದು ಅಲ್ಲಿ.

ಒಟ್ಟು 147 ಮಾರುತ್‌ಗಳು ತಯಾರಾದವು. ವಾಯುಪಡೆಯ ಮೂರು ಸ್ಕ್ವಾಡ್ರನ್‌ಗಳಿಗೆ ಅವು ಸೇರಿದವು. ಆದರೆ ಹೊಸ ಎಂಜಿನ್ ಇಲ್ಲದೆ ಮುಂದಿನ ಮಾದರಿ ಹುಟ್ಟಲಿಲ್ಲ. 1990ರ ಹೊತ್ತಿಗೆ ಮಾರುತ್ ಸೇವೆಯಿಂದ ಮರೆಯಾಯಿತು. ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಟ್ಯಾಂಕ್ ಜೊತೆ ದುಡಿದು ಕಲಿತ ಬೆಂಗಳೂರಿನ ಎಂಜಿನಿಯರುಗಳಿಗೆ ಮತ್ತೊಂದು ಹೊಸ ಯುದ್ಧವಿಮಾನ ರೂಪಿಸುವ ಅವಕಾಶ ಬಹುಕಾಲ ಬರಲಿಲ್ಲ. ದೇಶ ವಿದೇಶಿ ವಿಮಾನಗಳನ್ನು ಪರವಾನಗಿ ಪಡೆದು ಜೋಡಿಸುವ ಹಾದಿ ಹಿಡಿಯಿತು. ಕಲಿತ ಕೈಗಳು ನಿವೃತ್ತವಾದವು.

ಎಂಜಿನ್ನಿನ ಕಥೆಯೂ ಅಲ್ಲಿಗೇ ನಿಲ್ಲಲಿಲ್ಲ. ಲಘು ಯುದ್ಧವಿಮಾನಕ್ಕೆಂದು ಕಾವೇರಿ ಎಂಬ ಸ್ವದೇಶಿ ಎಂಜಿನ್ ಯೋಜನೆಗೆ 1989ರಲ್ಲಿ ಮಂಜೂರಾತಿ ದೊರೆಯಿತು. ಹೊಣೆ ಹೊತ್ತದ್ದು ರೀಹೀಟ್ ರೂಪಿಸಿದ್ದ ಅದೇ ಸಂಶೋಧನಾ ಸಂಸ್ಥೆ. ಆದರೆ ಆ ವಿಮಾನ, ಅಂದರೆ ತೇಜಸ್, 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅವರ ಕೈಯಲ್ಲಿ ಬೆಂಗಳೂರಿನಿಂದ ಮೊದಲ ಬಾರಿ ಮೇಲೇರಿದಾಗ ಒಳಗಿದ್ದುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನ್. 2008ರಲ್ಲಿ ಕಾವೇರಿಯನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಲಾಯಿತು. 1961ರ ಜೂನ್‌ನಲ್ಲಿ ಸುರಂಜನ್ ದಾಸ್ ಹೊರಟದ್ದೂ ಹೊರಗಿನವರು ರೂಪಿಸಿದ ಎಂಜಿನ್ನಿನ ಭರವಸೆಯ ಮೇಲೆಯೇ.

ಪರೀಕ್ಷಾ ಹಾರಾಟ ಇಂದಿಗೂ ನಿರಪಾಯಕರವಾಗಿಲ್ಲ. 2009ರ ಮಾರ್ಚ್ 6ರಂದು ಸರಸ್ ಎಂಬ ಪುಟ್ಟ ಪ್ರಯಾಣಿಕ ವಿಮಾನದ ಮೂಲಮಾದರಿ ಬಿಡದಿ ಬಳಿ ಬಿದ್ದಾಗ ವಾಯುಪಡೆಯ ಇಬ್ಬರು ಪರೀಕ್ಷಾ ಪೈಲಟ್‌ಗಳೂ ಒಬ್ಬ ಪರೀಕ್ಷಾ ಎಂಜಿನಿಯರ್ ಕೂಡ ಅಸುನೀಗಿದರು.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತ್ ನಿಂತಿದೆ. ಎಚ್‌ಎಎಲ್ 2001ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದಿದೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮೇಷ್ಟ್ರುಗಳು ಅದರ ಹಿಂಬದಿಗೂ ಒಂದು ಸುತ್ತು ಹಾಕಿಸಿದರೆ ಎರಡು ಎಂಜಿನ್‌ಗಳ ಕೊಳವೆಗಳನ್ನು ತೋರಿಸಬಹುದು. ದಾಸ್ ಕೊನೆಯ ಬಾರಿ ಏರಿದ ವಿಮಾನದಲ್ಲಿ ಆ ಭಾಗ ಇದಕ್ಕಿಂತ ದಪ್ಪಗಿತ್ತು.